ಕಿವಿಯ ಮೇಲೆ ಕೂರುವ ಹೆಡ್‌ಫೋನ್: ನೋವಿಗೂ ಬೇಸಿಗೂ ಒಂದೇ ಪ್ಯಾಡ್

ಆನ್-ಇಯರ್ ಹೆಡ್‌ಫೋನ್ ಕೊಂಡವರ ದೂರು ಸಾಮಾನ್ಯವಾಗಿ ಎರಡು ಬಗೆ. ಕೇಳಲು ಸೊಗಸಾಗಿದೆ, ಆದರೆ ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಕಿವಿ ಕಾದು ಉರಿಯುತ್ತದೆ ಎನ್ನುವುದು ಒಂದು. ಹಾಕಿಕೊಂಡದ್ದೇ ಗೊತ್ತಾಗದಷ್ಟು ಹಗುರ, ಆದರೆ ಬೇಸ್ ಎಲ್ಲಿ ಹೋಯಿತು ಎನ್ನುವುದು ಇನ್ನೊಂದು. ವಿಮರ್ಶೆಗಳಲ್ಲಿ ಹಿತಕ್ಕೆ ಇಷ್ಟು ಅಂಕ, ಧ್ವನಿಗೆ ಇಷ್ಟು ಅಂಕ ಎಂದು ಬೇರೆ ಬೇರೆ ಕೊಡುತ್ತಾರೆ. ಆನ್-ಇಯರ್ ಮಟ್ಟಿಗೆ ಈ ವಿಂಗಡಣೆಯೇ ದಾರಿ ತಪ್ಪಿಸುತ್ತದೆ. ಕಿವಿಯನ್ನು ಅದುಮುವ ಪ್ಯಾಡೂ ಬೇಸನ್ನು ಹಿಡಿದಿಡುವ ಪ್ಯಾಡೂ ಒಂದೇ. ನೋವು ಕಡಿಮೆ ಮಾಡಲು ಅದನ್ನು ಮುಟ್ಟಿದಿರೋ, ಧ್ವನಿಯನ್ನೂ ಮುಟ್ಟಿದಿರಿ. ಇದು ಗೊತ್ತಿದ್ದು ಮಾಡಿದರೆ ಎರಡನ್ನೂ ಸಾಕಷ್ಟು ಉಳಿಸಿಕೊಳ್ಳಬಹುದು. ಗೊತ್ತಿಲ್ಲದೆ ಪ್ಯಾಡ್ ಬದಲಿಸಿ, ಬ್ಯಾಂಡ್ ಬಗ್ಗಿಸಿ, ಕೊನೆಗೆ ಒಳ್ಳೆಯ ಹೆಡ್‌ಫೋನನ್ನೇ ಕೆಟ್ಟದ್ದೆಂದು ಮಾರಿಬಿಟ್ಟವರು ಬೇಕಾದಷ್ಟಿದ್ದಾರೆ.

ಕಿವಿ ಯಾಕೆ ನೋಯುತ್ತದೆ

ಓವರ್-ಇಯರ್ ಹೆಡ್‌ಫೋನಿನ ಪ್ಯಾಡ್ ಕಿವಿಯನ್ನು ಸುತ್ತುವರಿದು ಬುರುಡೆಯ ಮೇಲೆ ಕೂರುತ್ತದೆ. ಆನ್-ಇಯರ್ ಪ್ಯಾಡಿಗೆ ಕಿವಿಯೇ ಪೀಠ. ಹೊರಕಿವಿಯ ಒಳಗಿರುವುದು ಮೃದ್ವಸ್ಥಿ. ಮುಂಭಾಗದಲ್ಲಿ ಅದಕ್ಕೂ ಚರ್ಮಕ್ಕೂ ನಡುವೆ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಓಲೆ ಹಾಕುವ ಹಾಲೆಯಲ್ಲಿ ಮಾತ್ರ ಮೃದ್ವಸ್ಥಿಯಿಲ್ಲ, ಕೊಬ್ಬಿದೆ. ಅಲ್ಲಿ ಒತ್ತಿದರೆ ಅಷ್ಟಾಗಿ ನೋಯದಿರುವುದು ಅದಕ್ಕೇ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ, ಮೇಲೆ ಹೊದ್ದ ಪೊರೆಯಿಂದಲೇ ಅದಕ್ಕೆ ಪೋಷಣೆ. ಆ ಪೊರೆಯನ್ನು ಗಂಟೆಗಟ್ಟಲೆ ಅದುಮಿ ಹಿಡಿದರೆ ಕಿವಿ ಸುಮ್ಮನಿರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಪ್ಯಾಡಿನ ಹೊರವ್ಯಾಸ 70 ಮಿ.ಮೀ., ನಡುವಿನ ತೂತು 40 ಮಿ.ಮೀ. ಎಂದಿಟ್ಟುಕೊಂಡರೆ ಆ ಬಳೆಯ ವಿಸ್ತೀರ್ಣ ಸುಮಾರು 26 ಚದರ ಸೆಂ.ಮೀ. ಹೆಡ್‌ಬ್ಯಾಂಡ್ 5 ನ್ಯೂಟನ್ ಬಲದಿಂದ, ಅಂದರೆ ಹೆಚ್ಚುಕಡಿಮೆ ಅರ್ಧ ಕಿಲೋ ಭಾರದಷ್ಟು ಒತ್ತಿದರೆ, ಬಲ ಎಲ್ಲ ಕಡೆ ಸಮನಾಗಿ ಹರಡಿದಾಗ ಒತ್ತಡ 14-15 ಮಿ.ಮೀ. ಪಾದರಸದಷ್ಟು. ಬಿಪಿ ನೋಡುವಾಗ ಬಳಸುವ ಅಳತೆಯೇ ಇದು. ಇಷ್ಟೇ ಆಗಿದ್ದರೆ ತೊಂದರೆಯಿಲ್ಲ. ಆದರೆ ಕಿವಿ ಸಮತಟ್ಟಲ್ಲ. ಹೊರ ಅಂಚು ಮತ್ತು ಅದರೊಳಗಿನ ಎರಡನೇ ಏಣು ಎದ್ದು ನಿಂತಿರುತ್ತವೆ, ಗಟ್ಟಿ ಪ್ಯಾಡ್ ಆ ಏಣುಗಳನ್ನು ಮಾತ್ರ ಮುಟ್ಟುತ್ತದೆ. ಪ್ಯಾಡಿನ ಮೂರರಲ್ಲೊಂದು ಭಾಗ ಮಾತ್ರ ತಗುಲಿದರೂ ಒತ್ತಡ 43 ಮಿ.ಮೀ. ದಾಟುತ್ತದೆ. ಚರ್ಮದ ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಳ್ಳಲು 32 ಮಿ.ಮೀ. ಸಾಕು ಎನ್ನುವುದು ಹಾಸಿಗೆ ಹುಣ್ಣಿನ ವಿಷಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಹೆಡ್‌ಫೋನಿನಿಂದ ಹುಣ್ಣಾಗುತ್ತದೆ ಎಂದು ಇದರ ಅರ್ಥವಲ್ಲ, ಅಷ್ಟು ಹೊತ್ತು ಯಾರೂ ಹಾಕಿಕೊಂಡಿರುವುದಿಲ್ಲ. ಕೆಂಪಾಗುವುದು, ಬಿಸಿಯಾಗುವುದು, ತೆಗೆದ ಕೂಡಲೇ ಚುರುಗುಟ್ಟುವುದು ಎಲ್ಲಿಂದ ಬರುತ್ತದೆ ಎನ್ನುವುದು ಮಾತ್ರ ಇದರಿಂದ ತಿಳಿಯುತ್ತದೆ.

ಕನ್ನಡಕ ಹಾಕುವವರಿಗೆ ಇನ್ನೊಂದು ಕಷ್ಟ. ಕನ್ನಡಕದ ಕಡ್ಡಿ ಕಿವಿಗೂ ಬುರುಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಪ್ಯಾಡ್ ಹೊರಗಿನಿಂದ ಒತ್ತಿದರೆ ನೋವು ಕಿವಿಯ ಹಿಂದೆ ಹುಟ್ಟುತ್ತದೆ, ಇದಕ್ಕೆ ಎಷ್ಟು ಮೆತ್ತನೆಯ ಪ್ಯಾಡ್ ಹಾಕಿದರೂ ಪ್ರಯೋಜನವಿಲ್ಲ. ಕ್ಲ್ಯಾಂಪ್, ಅಂದರೆ ಬ್ಯಾಂಡ್ ಹಿಂಡುವ ಬಲ, ತಗ್ಗಿಸಬೇಕು, ಇಲ್ಲವೇ ತೆಳು ಕಡ್ಡಿಯ ಕನ್ನಡಕ ಬೇಕು. ಓಲೆಯ ಕಥೆಯೂ ಇದೇ. ಮುಂದಿನ ಹರಳಿಗಿಂತ ಹಿಂದಿನ ತಿರುಪು ಚುಚ್ಚುತ್ತದೆ, ಏಕೆಂದರೆ ಹಾಲೆಯನ್ನು ಪ್ಯಾಡ್ ಕುತ್ತಿಗೆಯ ಕಡೆಗೆ ಅದುಮಿದಾಗ ತಿರುಪಿನ ತುದಿ ಚರ್ಮಕ್ಕೆ ನಾಟುತ್ತದೆ. ಚಿಕ್ಕ ಪ್ಯಾಡನ್ನು ಬ್ಯಾಂಡಿನ ಒಂದು ಹಲ್ಲಿನಷ್ಟು ಮೇಲಕ್ಕೆ ಎಳೆದುಕೊಂಡರೆ ಹಾಲೆ ತಪ್ಪಿಸಿಕೊಳ್ಳುತ್ತದೆ.

ಒತ್ತದಿದ್ದರೆ ಬೇಸ್ ಯಾಕೆ ಹೋಗುತ್ತದೆ

ಮುಚ್ಚಿದ ಕಪ್ಪಿನ ಹೆಡ್‌ಫೋನಿನಲ್ಲಿ ಡ್ರೈವರಿಗೂ (ಧ್ವನಿ ಹೊರಡಿಸುವ ಪುಟ್ಟ ಸ್ಪೀಕರ್) ಕಿವಿಪೊರೆಗೂ ನಡುವೆ ಒಂದು ಪುಟ್ಟ ಗಾಳಿಯ ಕೋಣೆ ಇರುತ್ತದೆ. ಕೆಳಗಿನ ಸ್ವರಗಳಲ್ಲಿ ಡ್ರೈವರ್ ಸೈಕಲ್ ಪಂಪಿನಂತೆ ಆ ಗಾಳಿಯನ್ನು ಹಿಂಡುತ್ತದೆ, ಸಡಿಲಿಸುತ್ತದೆ. ಕೋಣೆ ಬಿಗಿಯಾಗಿದ್ದರೆ ಅತಿ ಚಿಕ್ಕ ಅಲುಗಾಟವೂ ಪೂರಾ ಒತ್ತಡವಾಗಿ ಕಿವಿಗೆ ಬರುತ್ತದೆ. ಸೀಳೊಂದು ಬಿಟ್ಟರೆ ಗಾಳಿ ಅಲ್ಲಿಂದ ಜಾರುತ್ತದೆ. ಮೇಲಿನ ಸ್ವರಗಳಿಗೆ ಸೀಳಿನಿಂದ ಹೊರಬೀಳುವಷ್ಟು ಹೊತ್ತು ಸಿಗುವುದಿಲ್ಲ, ಕೆಳಗಿನವಕ್ಕೆ ಸಿಗುತ್ತದೆ. ಅದಕ್ಕೇ ಸೋರಿಕೆಯಾದಾಗ ಧ್ವನಿ ಇಡಿಯಾಗಿ ಇಳಿಯುವುದಿಲ್ಲ, ಬುಡ ಮಾತ್ರ ಕಳಚಿ ಬೀಳುತ್ತದೆ. ಕನ್ನಡಕದ ಕಡ್ಡಿಯ ಪಕ್ಕದ ಸಂದು, ಪ್ಯಾಡಿನಡಿ ಸಿಕ್ಕ ಜಡೆಯ ಎಳೆ, ಕಿವಿಯ ಕೆಳಗೆ ದವಡೆಯ ತಗ್ಗು ಇವಿಷ್ಟೇ ಸಾಕು.

ಪರೀಕ್ಷೆ ಮಾಡುವುದು ಸುಲಭ. ಮೃದಂಗದ ತನಿ ಆವರ್ತನ ಹಾಕಿ. ಬಲಗಡೆಯ ಛಾಪು, ನಾದ ಎಲ್ಲ ಸ್ಪಷ್ಟವಾಗಿದ್ದು ಎಡಗಡೆಯ ತೊಪ್ಪಿಯ ಗುಂಕಾರ ಮಾತ್ರ ತೆಳುವಾಗಿದ್ದರೆ ಕಪ್‌ಗಳನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ. ತೊಪ್ಪಿ ತಟ್ಟನೆ ತುಂಬಿಕೊಂಡರೆ ಸೀಲ್, ಅಂದರೆ ಪ್ಯಾಡ್ ಗಾಳಿಯನ್ನು ಹಿಡಿದಿಡುವ ಬಿಗಿ, ಸೋರುತ್ತಿದೆ, ಹೆಡ್‌ಫೋನಿನ ತಪ್ಪಲ್ಲ. ಮೊಬೈಲಿನ ಟೋನ್ ಜನರೇಟರ್ ಆ್ಯಪ್‌ನಲ್ಲಿ 40, 60, 100, 200 ಹರ್ಟ್ಸ್ ಒಂದಾದ ಮೇಲೊಂದು ಹಾಕಿ ನೋಡಿದರೆ ಎಲ್ಲಿಂದ ಕುಸಿಯುತ್ತದೆ ಎನ್ನುವುದೂ ಗೊತ್ತಾಗುತ್ತದೆ. 40 ಹರ್ಟ್ಸ್ ನಮ್ಮ ಕಿವಿಗೆ ಹೇಗಿದ್ದರೂ ಸಣ್ಣಗೇ ಕೇಳುವುದು, ಅದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಒತ್ತಿದಾಗ ಮತ್ತು ಒತ್ತದಿದ್ದಾಗ ಕೇಳುವುದರ ನಡುವಿನ ವ್ಯತ್ಯಾಸ ಮುಖ್ಯ. ಎಡ-ಬಲಗಳಲ್ಲಿ ಸೀಲ್ ಬೇರೆ ಬೇರೆಯಾಗಿದ್ದರೆ ಗಾಯಕರ ದನಿ ನೆತ್ತಿಯ ನಡುವೆ ನಿಂತರೂ ತಂಬೂರಿ ಒಂದು ಪಕ್ಕಕ್ಕೆ ವಾಲುತ್ತದೆ.

ಹಿಂಬದಿ ತೆರೆದ ಓಪನ್-ಬ್ಯಾಕ್ ಮಾದರಿಗಳಲ್ಲಿ ಮೊದಲಿಂದಲೂ ಗಾಳಿ ಆಡುವುದರಿಂದ ಸೀಲಿನ ಮೇಲಿನ ಅವಲಂಬನೆ ಅಷ್ಟಿಲ್ಲ. ಅಲ್ಲಿ ಬೇಸ್ ನಿಂತಿರುವುದು ಡ್ರೈವರ್ ಕಿವಿಗೆ ಎಷ್ಟು ಹತ್ತಿರವಿದೆ ಎನ್ನುವುದರ ಮೇಲೆ. ಕೆಲವೇ ಮಿಲಿಮೀಟರ್ ದೂರ ಸರಿದರೂ ಬೇಸ್ ತೆಳುವಾಗುತ್ತದೆ. ಟ್ರೆಬಲ್, ಅಂದರೆ ಮೇಲಿನ ಸ್ವರಗಳ ಭಾಗ, ಕೂಡ ಬದಲಾಗುತ್ತದೆ, ಕಿವಿಯ ಮಡಿಕೆಗಳಿಗೂ ಡ್ರೈವರಿಗೂ ಇರುವ ಕೋನ, ದೂರ ಬದಲಾದಂತೆ 5ರಿಂದ 10 ಕಿಲೋಹರ್ಟ್ಸ್ ನಡುವಿನ ಏರಿಳಿತಗಳು ಜಾಗ ಬದಲಿಸುತ್ತವೆ. ‘ಸ’, ‘ಶ’ಗಳು ಒಂದು ದಿನ ಚುಚ್ಚಿ, ಇನ್ನೊಂದು ದಿನ ಸರಿಯಾಗಿ ಕೇಳುತ್ತವೆ ಎಂದರೆ ಹೆಚ್ಚಿನ ಸಲ ಕಪ್ ಕೂತ ಜಾಗ ಬೇರೆಯಾಗಿರುತ್ತದೆ. ‘ಬರ್ನ್-ಇನ್ (ಹೊಸತನ್ನು ಹಲವು ಗಂಟೆ ನುಡಿಸಿ ಪಳಗಿಸುವುದು) ಆದಮೇಲೆ ಸರಿಹೋಯಿತು’ ಎನ್ನುವ ಅನುಭವಗಳ ಬಹುಪಾಲು ಕೂಡ ಪ್ಯಾಡ್ ಮೆತ್ತಗಾಗಿ ಡ್ರೈವರ್ ಹತ್ತಿರ ಬಂದದ್ದು, ಜೊತೆಗೆ ಕಿವಿ ಒಗ್ಗಿಕೊಂಡದ್ದು ಎಂದೇ ನಮ್ಮ ತೀರ್ಮಾನ.

ಒಂದೇ ಸಮಸ್ಯೆ, ಮೂರು ಉತ್ತರ

1958ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್ ಮೊದಲ ಸ್ಟೀರಿಯೋ ಹೆಡ್‌ಫೋನನ್ನು ಹೊರತಂದ ಮೇಲೆ ಹತ್ತು ವರ್ಷ ಒಳ್ಳೆಯ ಹೆಡ್‌ಫೋನ್ ಎಂದರೆ ಮುಚ್ಚಿದ ಕಪ್, ಭಾರ, ಬಿಗಿ ಎಂದೇ ಆಗಿತ್ತು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಎಚ್‌ಡಿ 414 ತಂದಾಗ ಈ ನಂಬಿಕೆ ಅಲುಗಿತು. ಹಿಂಬದಿ ತೆರೆದದ್ದು, ಹಗುರವಾದದ್ದು, ಹಳದಿ ಸ್ಪಂಜಿನ ಪ್ಯಾಡ್ ಇದ್ದದ್ದು. ಗಾಳಿಯನ್ನು ಬಂಧಿಸುವ ಹಂಗೇ ಇಲ್ಲದ ಮೇಲೆ ಕಿವಿಯನ್ನು ಹಿಂಡುವ ಅಗತ್ಯವೂ ಇರಲಿಲ್ಲ. ಅದು ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಹಿತವೂ ಧ್ವನಿಯೂ ಒಂದೇ ನಿರ್ಧಾರದಿಂದ ಒಟ್ಟಿಗೆ ಬಂದದ್ದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಇಲ್ಲ. ಕೊಟ್ಟ ಬೆಲೆಯೂ ಸ್ಪಷ್ಟ: ಹೊರಗಿನ ಗದ್ದಲ ಒಳಗೆ, ಒಳಗಿನ ಹಾಡು ಹೊರಗೆ.

ಈಗ ಆಸಕ್ತರು ಹೆಚ್ಚು ಮಾತಾಡುವ ಮೂರು ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಲೆಕ್ಕಾಚಾರ ಕಣ್ಣಿಗೆ ಕಟ್ಟುತ್ತದೆ.

ಕಾಸ್ ಪೋರ್ಟಾ ಪ್ರೋ 1984ರದ್ದು, ವಿದ್ಯುತ್ ತಡೆ 60 ಓಮ್, ಓಪನ್-ಬ್ಯಾಕ್. ಇದರ ಜಾಣತನವೆಲ್ಲ ಕಿವಿಯ ಮೇಲ್ಗಡೆ ಇರುವ ಎರಡು ಸಣ್ಣ ಸ್ಪಂಜಿನ ದಿಂಬುಗಳಲ್ಲಿದೆ. ಅವು ಕಣತಲೆಯ ಮೂಳೆಗೆ ಒರಗಿ ಬ್ಯಾಂಡಿನ ಬಲವನ್ನು ಹಂಚಿಕೊಳ್ಳುತ್ತವೆ. ಪಕ್ಕದ ಗುಂಡಿ ಸರಿಸಿದರೆ ಎಷ್ಟು ಪಾಲು ಮೂಳೆಗೆ, ಎಷ್ಟು ಕಿವಿಗೆ ಎನ್ನುವುದು ಬದಲಾಗುತ್ತದೆ. ‘ಲೈಟ್’ಗೆ ಇಟ್ಟರೆ ಕಿವಿಗೆ ಆರಾಮ, ಡ್ರೈವರ್ ಕೊಂಚ ದೂರ, ಬೇಸ್ ಕೊಂಚ ಕಡಿಮೆ. ‘ಫರ್ಮ್’ಗೆ ಇಟ್ಟರೆ ಉಬ್ಬಿದ ಬೇಸ್. ಮೊದಲೇ ಬೇಸ್ ಹೆಚ್ಚಿರುವ ಹೆಡ್‌ಫೋನ್ ಇದು, ಹಾಗಾಗಿ ಲೈಟ್‌ನಲ್ಲಿ ಅದು ಇನ್ನೂ ಹದವಾಗುತ್ತದೆ. ಉದ್ದ ಹೊತ್ತು ಕೇಳುವವರಿಗೆ ಈ ಮೂರರಲ್ಲಿ ನಾವು ಕೈತೋರಿಸುವುದು ಇದರ ಕಡೆಗೇ. ಒಂದು ಎಚ್ಚರಿಕೆ: ನೆತ್ತಿಯ ಮೇಲೆ ಜಾರುವ ತೆಳು ಲೋಹದ ಪಟ್ಟಿಗಳ ಸಂದಿಗೆ ಕೂದಲು ಸಿಕ್ಕಿ ಕಿತ್ತುಬರುತ್ತದೆ. ಮೊದಲು ಪಟ್ಟಿಯನ್ನು ಉದ್ದ ಮಾಡಿ, ತಲೆಯ ಮೇಲಿಟ್ಟು, ಆಮೇಲೆ ಕಪ್‌ಗಳನ್ನು ಮೇಲಕ್ಕೆ ತಳ್ಳದೆ ಬ್ಯಾಂಡನ್ನೇ ಕೆಳಗೆ ಒತ್ತಿಕೊಳ್ಳಿ. ತೆಗೆಯುವಾಗ ಎರಡೂ ಕಪ್ ಅಗಲಿಸಿ ನೇರ ಮೇಲಕ್ಕೆತ್ತಿ.

ಸೆನ್‌ಹೈಸರ್ ಎಚ್‌ಡಿ 25 ಇದರ ವಿರುದ್ಧ ತುದಿ. 1988ರಲ್ಲಿ ಬಂದದ್ದು, 70 ಓಮ್, ಕೇಬಲ್ ಬಿಟ್ಟು 140 ಗ್ರಾಂ. ಪ್ರಸಾರ ಕ್ಷೇತ್ರದವರು, ಆಮೇಲೆ ಡಿಜೆಗಳು ಇದನ್ನು ಬಿಡದೆ ಹಿಡಿದರು. ಗಲಾಟೆಯ ನಡುವೆ ಕೇಳಲೆಂದೇ ಮಾಡಿದ ಮುಚ್ಚಿದ ಕಪ್, ಆದ್ದರಿಂದ ಅದರ ಬಿಗಿತ ಕೊರತೆಯಲ್ಲ, ಅದರ ಕೆಲಸವೇ ಅದು. ಇಬ್ಭಾಗವಾಗಿ ತೆರೆಯುವ ಹೆಡ್‌ಬ್ಯಾಂಡ್ ನೆತ್ತಿಯ ಮೇಲಿನ ಭಾರವನ್ನು ಎರಡು ಕಡೆ ಹಂಚುತ್ತದೆ. ಇದಕ್ಕೆ ಮಖಮಲ್ಲಿನಂಥ ಬಟ್ಟೆಯ ವೆಲೂರ್ ಪ್ಯಾಡ್ ಹಾಕಿದರೆ ಬೆವರು ತಗ್ಗಿ ಕಿವಿ ಹಗುರಾಗುತ್ತದೆ, ಆದರೆ ಬಟ್ಟೆಯ ಮೂಲಕ ಗಾಳಿ ಸೋರಿ ಬೇಸಿನ ಪೆಟ್ಟು ಮೆತ್ತಗಾಗುತ್ತದೆ. ಕೆಲಸಕ್ಕೆ ಕೂತಾಗ ರೆಕ್ಸಿನ್ ಪ್ಯಾಡ್, ಮನೆಯಲ್ಲಿ ಹಾಡು ಕೇಳುವಾಗ ವೆಲೂರ್ ಎಂದು ಎರಡನ್ನೂ ಇಟ್ಟುಕೊಳ್ಳುವುದು ಹಲವರ ರೂಢಿ, ಒಳ್ಳೆಯ ರೂಢಿ.

ಮೂರನೆಯದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಯಾರಾಗುವ ಗ್ರಾಡೋ ಎಸ್‌ಆರ್ ಸಾಲು. ಪ್ಯಾಡ್ ಎಂದರೇನು ಎಂದು ಕಲಿಯಬೇಕಾದರೆ ಇದರಷ್ಟು ಒಳ್ಳೆಯ ಪಾಠಶಾಲೆ ಬೇರೆ ಇಲ್ಲ. ಒಂದೇ ಡ್ರೈವರಿಗೆ ಮೂರು ಬಗೆಯ ಸ್ಪಂಜು ಕೂರುತ್ತದೆ, ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ. ಚಪ್ಪಟೆಯಾದ ಎಸ್ ಪ್ಯಾಡಿನಲ್ಲಿ ಡ್ರೈವರ್ ಕಿವಿಗೆ ಹತ್ತಿರ, ಎದುರಿಗೆ ಸ್ಪಂಜಿನ ಪರದೆ. ಬೇಸ್ ತುಂಬಿರುತ್ತದೆ, ಟ್ರೆಬಲ್ ತಣ್ಣಗಿರುತ್ತದೆ, ಕಿವಿಗೂ ಮೂರರಲ್ಲಿ ಇದೇ ಮೃದು. ಬಟ್ಟಲಿನಂತೆ ನಡುವೆ ತೆರೆದ ಎಲ್ ಪ್ಯಾಡಿನಲ್ಲಿ ಪರದೆ ಇಲ್ಲ, ದೂರ ಹೆಚ್ಚು. ವೀಣೆಯ ಮೀಟು, ಪಿಟೀಲಿನ ಕಮಾನು ಮೈದಳೆದು ನಿಲ್ಲುತ್ತವೆ, ಬೇಸ್ ಹಿಂದೆ ಸರಿಯುತ್ತದೆ. ಬಟ್ಟಲಿನ ಅಂಚು ಮಾತ್ರ ಕಿವಿಗೆ ತಾಗುವುದರಿಂದ ಗರಗರ ಎನಿಸುವುದೂ ಇದೆ. ಎಲ್ಲಕ್ಕೂ ದೊಡ್ಡದಾದ ಜಿ ಪ್ಯಾಡ್ ಕಿವಿಯನ್ನೇ ಒಳಗೆ ಸೇರಿಸಿಕೊಳ್ಳುತ್ತದೆ, ಹಿತದ ಮಾತೇ ಬೇಡ. ಆದರೆ ಅದಕ್ಕೆ ಹೊಂದಿಸದ ಕಡಿಮೆ ಬೆಲೆಯ ಮಾದರಿಗಳಿಗೆ ಹಾಕಿದರೆ ಡ್ರೈವರ್ ಬಹಳ ದೂರ ಸರಿದು ಧ್ವನಿ ಟೊಳ್ಳಾಗುತ್ತದೆ. ಹಿತವಾಗಲಿ ಎಂದು ಜಿ ಪ್ಯಾಡ್ ತರಿಸಿ, ಗ್ರಾಡೋದಲ್ಲಿ ಬೇಸೇ ಇಲ್ಲ ಎಂದು ಬೇಸರಪಡುವುದು ಇಲ್ಲೇ.

ಎಲ್ ಪ್ಯಾಡಿಗೆ ಒಂದು ಅಗ್ಗದ ಉಪಾಯವಿದೆ. ಪ್ಯಾಡಿನ ಹೊರಗೋಡೆಯ ಸುತ್ತ, ಕಿವಿ ತಾಗುವ ಅಂಚನ್ನು ಬಿಟ್ಟು, ಎಲೆಕ್ಟ್ರಿಕಲ್ ಟೇಪನ್ನು ಎಳೆಯದೆ ಒಂದು ಸುತ್ತು ಹಾಕಿ. ಸ್ಪಂಜಿನ ರಂಧ್ರಗಳಿಂದ ಗಾಳಿ ಸೋರುವುದು ತಗ್ಗಿ ಬೇಸ್ ಏರುತ್ತದೆ. ಹೆಚ್ಚೆನಿಸಿದರೆ ಅರ್ಧ ಸುತ್ತು ಬಿಚ್ಚಿ. ಟೇಪನ್ನು ಬಿಗಿಯಾಗಿ ಎಳೆದು ಸುತ್ತಿದರೆ ಸ್ಪಂಜು ಸೊರಗಿ ಅಂಚು ಗಟ್ಟಿಯಾಗುತ್ತದೆ, ಕಿವಿ ನೋವು ಮೊದಲಿಗಿಂತ ಹೆಚ್ಚುತ್ತದೆ.

ಬಿಗಿತ ಇಳಿಸುವ ಕ್ರಮ

ಅಳೆಯದೆ ಬಗ್ಗಿಸಬೇಡಿ. ಲಗೇಜ್ ತೂಗುವ ಕೈ ತಕ್ಕಡಿ ಇದ್ದರೆ ಸಾಕು. ಒಂದು ಕಪ್ಪಿಗೆ ಮೆತ್ತನೆಯ ಬಟ್ಟೆಯ ಕುಣಿಕೆ ಹಾಕಿ ಬಾಗಿಲ ಹಿಡಿಕೆಗೆ ಕಟ್ಟಿ. ಇನ್ನೊಂದು ಕಪ್ಪಿನ ಕುಣಿಕೆಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪ್ಯಾಡುಗಳ ನಡುವಿನ ಅಂತರ 15 ಸೆಂ.ಮೀ. ಆಗುವವರೆಗೆ ನೇರವಾಗಿ ಎಳೆದು ಗ್ರಾಂ ಓದಿ. ವಯಸ್ಕರ ತಲೆಯ ಅಗಲ ಹೆಚ್ಚುಕಡಿಮೆ ಅಷ್ಟು. 500 ಗ್ರಾಂ ಎಂದರೆ ಸುಮಾರು 5 ನ್ಯೂಟನ್. ಈ ಅಂಕಿ ಬರೆದಿಟ್ಟುಕೊಂಡು, ಒಂದು ಸಲಕ್ಕೆ 50 ಗ್ರಾಂಗಿಂತ ಹೆಚ್ಚು ಇಳಿಸದೆ, ಎರಡು ದಿನ ಕೇಳಿ, ಸೀಲ್ ಪರೀಕ್ಷೆ ಮತ್ತೆ ಮಾಡಿ ಮುಂದುವರಿಯಿರಿ.

ಗ್ರಾಡೋದಂಥ ಲೋಹದ ಪಟ್ಟಿಯ ಬ್ಯಾಂಡನ್ನು ಕೈಯಲ್ಲೇ ಬಗ್ಗಿಸಬಹುದು. ಕಪ್ ಹಿಡಿದು ಎಳೆಯಬಾರದು. ಹಾಗೆ ಎಳೆದರೆ ಬಲವೆಲ್ಲ ಕಪ್ ಹಿಡಿದಿರುವ ಪ್ಲಾಸ್ಟಿಕ್ ತುಂಡುಗಳ ಮೇಲೆ ಬಿದ್ದು ಅಲ್ಲಿಯೇ ಸೀಳುತ್ತದೆ. ಎರಡೂ ಹೆಬ್ಬೆರಳನ್ನು ಪಟ್ಟಿಯ ಒಳಗಡೆ ಅಕ್ಕಪಕ್ಕ ಇಟ್ಟು, ನೆತ್ತಿಯ ನಡುವಿನಿಂದ ಶುರುಮಾಡಿ ಎರಡು ಬೆರಳಿನಷ್ಟು ಅಂತರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ನೇರಮಾಡುತ್ತ ಪಟ್ಟಿ ಪಕ್ಕಕ್ಕೆ ಇಳಿಯುವ ತಿರುವಿನವರೆಗೆ ಬನ್ನಿ. ಒಂದೇ ಕಡೆ ಒತ್ತಿದರೆ ಪಟ್ಟಿಗೆ ಮಡಿಕೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಗುಂಡಗಿದ್ದ ಬ್ಯಾಂಡ್ ಮೇಲೆ ಚಪ್ಪಟೆಯಾಗಿ ಪಕ್ಕಗಳು ನೇರವಾಗಿ ಇಳಿಯುವಂತಾದರೆ ಪ್ಯಾಡಿನ ಇಡೀ ಮುಖ ಕಿವಿಗೆ ಕೂರುತ್ತದೆ. ಬಲ ಇಳಿಯಿತು, ತಾಗುವ ಜಾಗವೂ ಹೆಚ್ಚಿತು. ಇಷ್ಟು ಮಾಡಿದ ಮೇಲೆ ಹಲವು ಸಲ ಬೇಸ್ ಕಡಿಮೆಯಾಗುವ ಬದಲು ಮೇಲೆಯೇ ಬರುತ್ತದೆ, ಏಕೆಂದರೆ ಮೊದಲು ಪ್ಯಾಡಿನ ಕೆಳಗಿನ ಅಂಚು ಮಾತ್ರ ಒತ್ತಿ ಮೇಲಂಚು ಬಾಯಿ ತೆರೆದಿರುತ್ತಿತ್ತು. ಗ್ರಾಡೋ ಕಪ್ ಕೋಲಿನ ಸುತ್ತ ತಿರುಗುತ್ತ ಹೋದಂತೆ ಕೇಬಲ್ ಹುರಿಗೊಳ್ಳುತ್ತದೆ, ಆಗಾಗ ಉಲ್ಟಾ ತಿರುಗಿಸಿ ಬಿಡಿಸಿ.

ಪ್ಲಾಸ್ಟಿಕ್ ಬ್ಯಾಂಡನ್ನು ಕೈಯಲ್ಲಿ ಬಗ್ಗಿಸಲೇಬೇಡಿ. 16 ಸೆಂ.ಮೀ. ಅಗಲದ ಪುಸ್ತಕಗಳ ಕಟ್ಟಿಗೆ ರಾತ್ರಿಯಿಡೀ ತೊಡಿಸಿ, ಬೆಳಿಗ್ಗೆ ತೆಗೆದು ಒಂದು ಗಂಟೆ ಬಿಟ್ಟು ಅಳೆಯಿರಿ, ಏಕೆಂದರೆ ಬಿಟ್ಟ ಕೂಡಲೇ ಸಡಿಲ ಕಾಣುವುದು ಭಾಗಶಃ ಹಿಂದಕ್ಕೆ ಬರುತ್ತದೆ. ಸಾಲದಿದ್ದರೆ ಮರುರಾತ್ರಿ ಅರ್ಧ ಸೆಂ.ಮೀ. ಹೆಚ್ಚಿಸಿ. ಹೇರ್ ಡ್ರೈಯರಿನ ಬಿಸಿ ಕೊಡುವ ಸಲಹೆಯನ್ನು ನಂಬಬೇಡಿ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಪ್ಯಾಡಿನ ಅಂಟು ಬಿಡುತ್ತದೆ.

ಎಲ್ಲಿ ನಿಲ್ಲಿಸಬೇಕು? ತಲೆ ಬಗ್ಗಿಸಿದಾಗ ಹೆಡ್‌ಫೋನ್ ಜಾರಲು ಶುರುವಾದರೆ ಒಂದು ಹೆಜ್ಜೆ ಹಿಂದೆ ಹೋಗಿ. ಮುಚ್ಚಿದ ಮಾದರಿಯಲ್ಲಿ ತೊಪ್ಪಿಯ ದನಿ ಇಳಿದರೆ ಅದಕ್ಕಿಂತ ಮೊದಲೇ ನಿಲ್ಲಿಸಿ.

ಉಳಿದದ್ದು ಈಕ್ವಲೈಸರಿಗೆ

ಕಪ್ ಸರಿಯಾಗಿ ಕೂತ ಮೇಲೆ ಉಳಿಯುವ ಸಣ್ಣ ಕೊರತೆಯನ್ನು ಈಕ್ವಲೈಸರಿನಲ್ಲಿ (ಬೇಸ್, ಟ್ರೆಬಲ್‌ಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ತಂತ್ರಾಂಶ) ತುಂಬಬಹುದು, ಮೊದಲಲ್ಲ. ಸೋರುವ ಸೀಲಿಗೆ ಬೇಸ್ ಏರಿಸುವುದೆಂದರೆ ತಳ ತೂತಾದ ಕೊಡಕ್ಕೆ ನೀರು ಹೊಯ್ದಂತೆ. 10 ಡೆಸಿಬಲ್ ಏರಿಸಿದರೆ ಆ ಸ್ವರಗಳಲ್ಲಿ ಡ್ರೈವರಿಗೆ ಹತ್ತು ಪಟ್ಟು ವಿದ್ಯುತ್ ಹೋಗುತ್ತದೆ, ಚಿಕ್ಕ ಡ್ರೈವರ್ ಒದ್ದಾಡಿ ಗೊರಗೊರ ಎನ್ನುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಈಕ್ವಲೈಸರ್ ಎಪಿಒ ಇದಕ್ಕೆ ಸಾಕು. ವೆಲೂರ್ ಪ್ಯಾಡಿನಿಂದ ಹೋದ ಬೇಸಿಗೆ 105 ಹರ್ಟ್ಸ್‌ನಲ್ಲಿ ಲೋ ಶೆಲ್ಫ್ (ಅದರ ಕೆಳಗಿನ ಸ್ವರಗಳನ್ನೆಲ್ಲ ಒಟ್ಟಿಗೆ ಏರಿಸುವ ಫಿಲ್ಟರ್), ಕ್ಯೂ (ಏರು ಎಷ್ಟು ಕಡಿದು ಎನ್ನುವ ಅಂಕಿ) 0.7, ಏರಿಕೆ 3ರಿಂದ 4 ಡೆಸಿಬಲ್ ಇಟ್ಟು ನೋಡಿ. ಎಷ್ಟು ಏರಿಸಿದಿರೋ ಅಷ್ಟನ್ನೇ ಒಟ್ಟು ಮಟ್ಟ ಹೊಂದಿಸುವ ಪ್ರೀಆಂಪ್‌ನಲ್ಲಿ ಇಳಿಸಿ. ಇಳಿಸದಿದ್ದರೆ ಜೋರಿನ ಜಾಗಗಳಲ್ಲಿ ಸಿಗ್ನಲ್ ಕತ್ತರಿಸಿ ಕರ್ಕಶವಾಗುತ್ತದೆ, ದೂರು ಮತ್ತೆ ಹೆಡ್‌ಫೋನಿನ ಮೇಲೆ ಬರುತ್ತದೆ. ‘ಸ’ಕಾರ ಚುಚ್ಚಿದರೆ 5ರಿಂದ 9 ಕಿಲೋಹರ್ಟ್ಸ್ ನಡುವೆ ಒಂದು ಕಿರಿದಾದ ಪೀಕ್ ಫಿಲ್ಟರನ್ನು (ಒಂದೇ ಜಾಗವನ್ನು ಏರಿಸುವ, ಇಳಿಸುವ ಫಿಲ್ಟರ್) ಮೈನಸ್ 3 ಡೆಸಿಬಲ್ಲಿಗೆ ಇಟ್ಟು ಮೆಲ್ಲನೆ ಸರಿಸುತ್ತ ಹೋಗಿ, ಚುಚ್ಚು ಎಲ್ಲಿ ಮಾಯವಾಗುತ್ತದೋ ಅಲ್ಲಿ ಬಿಡಿ. ಬೇರೆಯವರ ಸೆಟ್ಟಿಂಗ್ ತಂದು ಹಾಕಿದರೆ ಈ ಸ್ವರಗಳ ಭಾಗದಲ್ಲಿ ಹೊಂದುವುದು ಅಪರೂಪ, ಅವರ ಕಿವಿಯ ಮಡಿಕೆ ಬೇರೆ, ಅವರ ಪ್ಯಾಡಿನ ವಯಸ್ಸು ಬೇರೆ.

ಸಡಿಲ ಹೆಡ್‌ಫೋನಿಗೆ ಇನ್ನೊಂದು ಅಪಾಯವಿದೆ. ಬಸ್ಸಿನಲ್ಲಿ ಬೇಸ್ ಕೇಳದೆ ಹೋದಾಗ ಕೈ ತಾನಾಗಿ ವಾಲ್ಯೂಮ್ ಗುಂಡಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 3 ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಓಪನ್-ಬ್ಯಾಕ್ ಆನ್-ಇಯರ್ ಮನೆಗೆ ಚೆಂದ, ಬಸ್ಸಿಗೆ ಸಲ್ಲ.

ಕೊನೆಯದಾಗಿ ಪ್ಯಾಡಿನ ಆಯಸ್ಸು. ಸ್ಪಂಜಿನ ಪ್ಯಾಡನ್ನು ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಶಾಂಪೂ ಹಾಕಿ ಅದ್ದಿ, ಹಿಂಡದೆ ಟವೆಲಿನ ಮಡಿಕೆಯಲ್ಲಿಟ್ಟು ಒತ್ತಿ, ನೆರಳಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ಹಸಿ ಇರುವಾಗ ಡ್ರೈವರಿಗೆ ಸಿಕ್ಕಿಸಬೇಡಿ. ರೆಕ್ಸಿನ್ ಪ್ಯಾಡನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಅದರ ಮೇಲ್ಪದರದ ಪಾಲಿಯುರೆಥೇನ್ ತೇವ ಹೀರಿ ಒಳಗೊಳಗೇ ಒಡೆಯುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದ ಗಾಳಿಯಲ್ಲಿ ಬಳಸದೆ ಪೆಟ್ಟಿಗೆಯಲ್ಲಿಟ್ಟ ಪ್ಯಾಡೂ ಕಪ್ಪು ಹೊಟ್ಟು ಉದುರಿಸುವುದು ಇದರಿಂದಲೇ. ಪದರ ಸುಲಿದ ಪ್ಯಾಡು ನೋಡಲು ಕೆಟ್ಟದೆನ್ನುವುದಕ್ಕಿಂತ ಮುಖ್ಯವಾಗಿ ಗಾಳಿ ಸೋರಿಸುತ್ತದೆ. ಹೊಸ ಪ್ಯಾಡ್ ಬಂದ ದಿನವೇ ಅದರ ದಪ್ಪವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ. ಮೂರರಲ್ಲೊಂದು ಭಾಗ ಕುಸಿದಾಗ ಎರಡನ್ನೂ ಒಟ್ಟಿಗೇ ಬದಲಿಸಿ, ಸುಲಿದದ್ದು ಒಂದೇ ಆಗಿದ್ದರೂ. ಒಂದು ಹಳತು, ಒಂದು ಹೊಸತು ಇದ್ದರೆ ಎರಡು ಕಿವಿಗೆ ಎರಡು ಬೇರೆ ಹೆಡ್‌ಫೋನ್ ಹಾಕಿಕೊಂಡಂತೆಯೇ ಕೇಳುತ್ತದೆ.